ಮೊದಲು ಕಾಲಾಳು ಇಳೀಲಿ

ಫೆಸ್ಟ್‌ನ ಟ್ಯಾಂಕ್ ಗೇಮ್ ಟೂರ್ನಮೆಂಟ್‌ನಲ್ಲಿ ನಾವು ಮೊದಲ ಸುತ್ತಿಗೇ ಔಟ್ ಆದವರು. ಇದನ್ನು ಓದಿ "ಸೋತವರ ಗೋಳು" ಅಂತ ನಗೋರು ನಗಬಹುದು, ಅದರಲ್ಲಿ ಸ್ವಲ್ಪ ನಿಜಾನೂ ಇದೆ. ಆದರೆ ನಮ್ಮ ತಕರಾರು ಇರೋದು ಸ್ಕೋರ್ ಶೀಟ್ ಮೇಲೆ. ಎದುರಾಳಿಯ ಟ್ಯಾಂಕ್ ಹೊಡೆದರೆ ಹತ್ತು ಅಂಕ. ನಮ್ಮ ಟ್ಯಾಂಕ್ ಹೋದರೆ ಹತ್ತು ಮೈನಸ್. ಕಾಲಾಳು ಎಷ್ಟು ಸತ್ತರೂ ಸೊನ್ನೆ.

ಗೆದ್ದ ತಂಡ ಏನು ಮಾಡ್ತು ಅಂದ್ರೆ, ಪ್ರತಿ ಟರ್ನ್‌ನಲ್ಲೂ ಒಂದೊಂದು ತುಕಡಿಯನ್ನು ಬಯಲಿಗೆ ಓಡಿಸ್ತು. ಹತ್ತು ಜನ ಓಡ್ತಾರೆ, ನಮ್ಮ ಟ್ಯಾಂಕ್ ತಾನಾಗೇ ಗುಂಡು ಹಾರಿಸುತ್ತೆ, ಅದು ಎಲ್ಲಿದೆ ಅಂತ ಎದುರಿನವರಿಗೆ ಗೊತ್ತಾಗುತ್ತೆ, ಅವರ ಟ್ಯಾಂಕ್ ಗುಡ್ಡದ ಹಿಂದಿನಿಂದ ಬಂದು ಹೊಡೆಯುತ್ತೆ. ಹನ್ನೆರಡನೇ ಟರ್ನ್ ಹೊತ್ತಿಗೆ ಅವರ ಹತ್ರ ಒಬ್ಬ ಕಾಲಾಳೂ ಉಳಿದಿರಲಿಲ್ಲ. ನಮ್ಮ ಹತ್ರ ಒಂದು ಟ್ಯಾಂಕೂ ಉಳಿದಿರಲಿಲ್ಲ. ಅವರು ಗೆದ್ದರು. ನಿಯಮದ ಪ್ರಕಾರ ಸರಿ, ನಾವು ಕೈಕುಲುಕಿ ಬಂದ್ವಿ. ಆಮೇಲೆ ಮೆಸ್‌ನಲ್ಲಿ ಊಟಕ್ಕೆ ಕೂತಾಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ, ಅದಕ್ಕೇ ಈ ಬರಹ.

ನಮ್ಮಲ್ಲಿ ಹೆಚ್ಚಿನವರು ಟ್ಯಾಂಕ್ ಗೇಮ್ ಕಲಿತಿದ್ದು ವರ್ಲ್ಡ್ ಆಫ್ ಟ್ಯಾಂಕ್ಸ್‌ನಿಂದ. ಅದರಲ್ಲಿ ಕಾಲಾಳೇ ಇಲ್ಲ. ಊರಿದೆ, ಗೋಡೆಯಿದೆ, ಚರ್ಚ್ ಇದೆ, ಮನುಷ್ಯರಿಲ್ಲ. ಟ್ಯಾಂಕಿಗೆ ಟ್ಯಾಂಕೇ ಶತ್ರು ಅಂತ ತಲೆಯಲ್ಲಿ ಕೂತುಬಿಟ್ಟಿದೆ. ಆ ತಲೆ ಹೊತ್ತುಕೊಂಡು ಸ್ಟೀಲ್ ಪ್ಯಾಂಥರ್ಸ್ ಥರದ ಗೇಮಿಗೆ ಬಂದರೆ (1995ರಲ್ಲಿ ಬಂದ ಹಳೇ ಗೇಮು, ಈಗ ಬೇರೆಯವರು ಬೆಳೆಸಿದ ಉಚಿತ ಆವೃತ್ತಿ ಸಿಗುತ್ತೆ, ನಮ್ಮ ಡಬ್ಬಾ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ), ಅಂಗಡಿಯಲ್ಲಿ ಸಾಮಾನು ತಗೊಂಡಂಗೆ ಇರೋ ಪಾಯಿಂಟ್ ಎಲ್ಲಾ ಟ್ಯಾಂಕಿಗೇ ಸುರಿದು, ಮಿಕ್ಕ ಚಿಲ್ಲರೆಯಲ್ಲಿ ಎರಡು ತುಕಡಿ ಕಾಲಾಳು ತಗೋತೀವಿ. ಚೆಸ್‌ನಲ್ಲಿ ಪ್ಯಾದೆ ಇದ್ದಂಗೆ. ಹೋದರೆ ಹೋಯ್ತು.

ಅಂದಹಾಗೆ 'ಕಾಲಾಳು' ಅನ್ನೋ ಪದವೇ ನಮಗೆ ಹೊಸದು. ಓದಿದ್ದು ಇಂಗ್ಲಿಷ್ ಮೀಡಿಯಂ, ಇನ್‌ಫಂಟ್ರಿ ಅಂತಲೇ ಗೊತ್ತಿತ್ತು. ದೀಪಾವಳಿ ರಜೆಗೆ ಊರಿಗೆ ಹೋದಾಗ ಮುತ್ಯಾ ಸ್ಕ್ರೀನ್ ನೋಡಿ, "ಈ ಕಾಲಾಳು ಮಂದಿನ ಯಾಕ ಸುಮ್ಮ ಕುಂಡ್ರಿಸಿರಿ?" ಅಂದ. ಅಲ್ಲಿಂದ ಪದ ಬಂತು.

ನಮ್ಮೂರು ಸರಸಂಬಾ, ಕಲಬುರಗಿ ಜಿಲ್ಲೆ ಆಳಂದ ತಾಲೂಕು. ಮಹಾರಾಷ್ಟ್ರದ ಗಡಿಗೆ ಹತ್ತಿದ ತಾಲೂಕು. ಎರೆ ಭೂಮಿ, ತೊಗರಿ. ಟ್ಯಾಂಕ್ ಗೇಮಿಗೂ ತೊಗರಿಗೂ ಏನು ಸಂಬಂಧ ಅಂತ ಕೇಳಬೇಡಿ, ಇದೆ. ನವೆಂಬರ್ ಹೊತ್ತಿಗೆ ತೊಗರಿ ಆಳೆತ್ತರ ಬೆಳೆದಿರುತ್ತೆ. ಹೊಲದ ಬದುವಿನ ಮೇಲೆ ನಿಂತರೆ ನಾಲ್ಕು ಸಾಲು ಆಚೆ ಎಮ್ಮೆ ನಿಂತಿದ್ದರೂ ಕಾಣಲ್ಲ. ನಮ್ಮ ಓಣಿಯಲ್ಲೇ ಮಿಲಿಟರಿಯಿಂದ ರಿಟೈರ್ ಆಗಿ ಬಂದ ಒಬ್ಬ ಕಾಕಾ ಇದ್ದಾರೆ, ಕಾಲಾಳು ದಳದಲ್ಲೇ ಇದ್ದವರು. ಲ್ಯಾಪ್‌ಟಾಪ್ ತಗೊಂಡು ಅವರ ಮನೆ ಕಟ್ಟೆ ಮೇಲೆ ಕೂತು ಆಡಿ ತೋರಿಸಿದ್ವಿ. ಮೂರು ಟ್ಯಾಂಕ್ ಸಾಲಾಗಿ ಕಾಡಿನೊಳಗೆ ನುಗ್ಗಿಸಿದ್ವಿ. ಕಾಕಾ ಕೇಳಿದ್ದು ಒಂದೇ ಮಾತು.

"ತಮ್ಮಾ, ಟ್ರ್ಯಾಕ್ಟರಿಗೆ ಸುತ್ತ ಪತ್ರಾ ಹೊಡೆದು, ಎದುರಿಗೆ ಬೆರಳಗಲ ಸಂದಿ ಬಿಟ್ಟು, ತೊಗರಿ ಹೊಲದಾಗ ಹೊಡಿ ಅಂದ್ರ ಹೊಡೀತೀಯೇನು?"

ಹೊಡೆಯಲ್ಲ. ಅಷ್ಟೇ ವಿಷಯ. ಮುಚ್ಚಳ ಮುಚ್ಚಿದ ಟ್ಯಾಂಕಿನೊಳಗೆ ಕೂತವರಿಗೆ ಸಣ್ಣ ಕಿಂಡಿಯಲ್ಲಿ ಎಷ್ಟು ಕಾಣುತ್ತೋ ಅಷ್ಟೇ ಪ್ರಪಂಚ. ಎಂಜಿನ್ ಸದ್ದಿನಲ್ಲಿ ಹೊರಗಿನ ಸದ್ದು ಕೇಳಲ್ಲ. ತೋಪು ಒಂದು ಮಟ್ಟಕ್ಕಿಂತ ಕೆಳಕ್ಕೂ ಬಾಗಲ್ಲ, ಮೇಲಕ್ಕೂ ಏಳಲ್ಲ. ಅಂದ್ರೆ ಪಕ್ಕದಲ್ಲೇ ಗುಂಡಿಯಲ್ಲಿ ಕೂತವನನ್ನೂ, ಮೂರನೇ ಮಹಡಿ ಕಿಟಕಿಯಲ್ಲಿ ನಿಂತವನನ್ನೂ ಅದು ಏನೂ ಮಾಡೋಕಾಗಲ್ಲ. 1994ರ ಡಿಸೆಂಬರ್ 31ರಂದು ರಷ್ಯಾದ ಟ್ಯಾಂಕುಗಳು ಗ್ರೋಜ್ನಿ ಊರೊಳಗೆ ನುಗ್ಗಿದಾಗ ಆಗಿದ್ದು ಇದೇ. ಕಾಲಾಳು ಇಳಿದು ಮನೆಮನೆ ನೋಡೋ ವ್ಯವಸ್ಥೆ ಸರಿಯಾಗಿ ಇರಲಿಲ್ಲ. ಚೆಚೆನ್ ಹೋರಾಟಗಾರರು ನೆಲಮಾಳಿಗೆಯಿಂದ, ಮೇಲಿನ ಮಹಡಿಯಿಂದ ಆರ್‌ಪಿಜಿ ಹೊಡೆದರು. ಒಂದು ಬ್ರಿಗೇಡ್ ಹೆಚ್ಚುಕಡಿಮೆ ಪೂರ್ತಿ ಮುಗಿದುಹೋಯ್ತು. ಪಂಜಾಬಿನ ಆಸಲ್ ಉತ್ತರ್ ಬಳಿ 1965ರ ಸೆಪ್ಟೆಂಬರ್‌ನಲ್ಲಿ ಪ್ಯಾಟನ್ ಟ್ಯಾಂಕುಗಳಿಗೆ ಕಬ್ಬಿನ ಗದ್ದೆಯಲ್ಲಿ ಆಗಿದ್ದೂ ಸುಮಾರು ಅದೇ ಕಥೆ. ನೀರು ಬಿಟ್ಟ ಗದ್ದೆಯಲ್ಲಿ ಹೂತವು, ಕಬ್ಬಿನೊಳಗೆ ಅಡಗಿದ್ದವರು ಹತ್ತಿರ ಬಿಟ್ಟುಕೊಂಡು ಹೊಡೆದರು. ಪರಮವೀರ ಚಕ್ರ ಪಡೆದ ಅಬ್ದುಲ್ ಹಮೀದ್ ಅಲ್ಲೇ ಜೀಪಿನ ಮೇಲಿನ ತೋಪಿನಿಂದ ಟ್ಯಾಂಕ್ ಹೊಡೆದವರು, ಕಾಲಾಳು ದಳದವರು. ಎರೆ ಹೊಲದಲ್ಲಿ ಮಳೆ ಬಂದ ಮಾರನೇ ದಿನ ಟ್ರ್ಯಾಕ್ಟರ್ ಇಳಿಸಿ ಬೈಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಾಕಾ ಮಾತು ಕೇಳಿದ ಮೇಲೆ ನಾವು ಮಾಡಿದ ಕೆಲಸ ಅಂದ್ರೆ, ಗೇಮಿನ ಎಡಿಟರ್‌ನಲ್ಲಿ ನಮ್ಮ ಕಡೆಯದೇ ಒಂದು ಮ್ಯಾಪ್ ಕಟ್ಟಿದ್ದು. ಯಾವುದೋ ಫ್ರಾನ್ಸ್, ಯಾವುದೋ ಉಕ್ರೇನ್ ಎಷ್ಟು ದಿನ ಆಡೋದು? ನಮ್ಮ ತಾಲೂಕಿನ ಉತ್ತರಕ್ಕೆ ಸೊಲ್ಲಾಪುರ–ಹೈದರಾಬಾದ್ ಹೆದ್ದಾರಿ ಹೋಗುತ್ತೆ. ನಳದುರ್ಗ, ಜಳಕೋಟ, ಉಮರ್ಗಾ, ಆಮೇಲೆ ಬೀದರ್ ಜಿಲ್ಲೆಯ ರಾಜೇಶ್ವರ, ಹುಮನಾಬಾದ್. 1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿ ಅವರ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂದ ಮುಖ್ಯ ದಾರಿ ಇದೇ. ಆಪರೇಷನ್ ಪೋಲೋ. ಸೆಪ್ಟೆಂಬರ್ 17ಕ್ಕೆ ನಮ್ಮ ಶಾಲೆಯಲ್ಲಿ ಧ್ವಜ ಹಾರಿಸಿ, ಸಿಹಿ ಕೊಟ್ಟು ಮನೆಗೆ ಕಳಿಸ್ತಿದ್ರು. ಆ ದಿನಕ್ಕೆ ಮುಂಚಿನ ನಾಲ್ಕು ದಿನ ನಮ್ಮ ಪಕ್ಕದ ರಸ್ತೆಯಲ್ಲಿ ಟ್ಯಾಂಕುಗಳು ಹೋಗಿದ್ದವು ಅಂತ ಯಾರೂ ಹೇಳಿರಲಿಲ್ಲ, ಅಥವಾ ಹೇಳಿದಾಗ ನಾವು ಸಿಹಿ ತಿಂತಿದ್ವಿ.

ನಳದುರ್ಗ ಗೊತ್ತಿರಬೇಕಲ್ಲ? ಮಳೆಗಾಲದಲ್ಲಿ ನಮ್ಮ ಕಡೆ ಹುಡುಗರು ಬೈಕ್ ಹತ್ತಿ ಕೋಟೆ ನೋಡೋಕೆ ಹೋಗ್ತಾರೆ. ಬೋರಿ ನದಿಗೆ ಕೋಟೆಯೊಳಗೇ ಒಡ್ಡು ಕಟ್ಟಿ, ಆ ಒಡ್ಡಿನ ಹೊಟ್ಟೆಯಲ್ಲಿ ಪಾನಿ ಮಹಲ್ ಮಾಡಿದ್ದಾರೆ, ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹಿಯ ಕಾಲದ್ದು. ನೀರು ಮೇಲಿಂದ ಬೀಳುವಾಗ ಒಳಗೆ ನಿಂತು ರೀಲ್ ಮಾಡಿದ ಫೋಟೋ ನಮ್ಮೆಲ್ಲರ ಫೋನಲ್ಲಿದೆ. ಅದೇ ಬೋರಿ ನದಿಯ ಸೇತುವೆ ಆ ದಿನದ ಕೀಲಿ. ಸೆಪ್ಟೆಂಬರ್, ನದಿ ತುಂಬಿರೋ ಕಾಲ. ಸೇತುವೆ ಹಾರಿಸಿಬಿಟ್ಟರೆ ಅಷ್ಟೂ ಟ್ಯಾಂಕು ಈಚೆ ದಡದಲ್ಲಿ ನಿಂತು ನೀರು ನೋಡಬೇಕಾಗ್ತಿತ್ತು.

ನಾವು ಆ ಮ್ಯಾಪ್ ಮೊದಲ ಸಲ ಆಡಿದಾಗ, ನಿಮ್ಮ ಊಹೆ ಸರಿ, ಶೆರ್ಮನ್ ಟ್ಯಾಂಕುಗಳನ್ನು ಸಾಲಾಗಿ ಸೇತುವೆ ಮೇಲೆ ಓಡಿಸಿದ್ವಿ. ಹೈದರಾಬಾದ್ ಸಂಸ್ಥಾನದ ಸೇನೆ ಗೇಮಿನ ಪಟ್ಟಿಯಲ್ಲಿ ನಮಗೆ ಸಿಗಲಿಲ್ಲ, ಬೇರೆ ದೇಶದ ತುಕಡಿಗಳ ಹೆಸರು ಬದಲಿಸಿ ಇಟ್ಟಿದ್ವಿ. ಎದುರು ಆಡುತ್ತಿದ್ದ ರೂಮ್‌ಮೇಟ್ ಮಾಡಿದ್ದು ಇಷ್ಟೇ: ದಂಡೆಯ ಪೊದೆಯಲ್ಲಿ ಎರಡು ತುಕಡಿ ಕೂರಿಸಿ, ಅವರ ಗುಂಡಿನ ದೂರವನ್ನು ಎರಡು ಮನೆಗೆ (ಗೇಮಿನ ಒಂದು ಷಟ್ಕೋನ 50 ಮೀಟರ್) ಇಳಿಸಿಟ್ಟ. ಮೊದಲ ಟ್ಯಾಂಕು ಪಕ್ಕಕ್ಕೆ ಬರೋವರೆಗೂ ಅವರು ಉಸಿರೆತ್ತಲಿಲ್ಲ. ಬಂತು, ಹೊತ್ತಿಕೊಳ್ತು, ಸೇತುವೆ ಬಂದ್. ಹಿಂದಿನ ಐದು ಟ್ಯಾಂಕು ಟ್ರಾಫಿಕ್ ಜಾಮಿನಲ್ಲಿ ನಿಂತ ಲಾರಿಗಳ ಥರ. "ಹಾರ್ನ್ ಹೊಡೀರಲೇ" ಅಂತ ಅವನು ನಗೋದು ಬೇರೆ.

ನಿಜವಾಗಿ ನಡೆದಿದ್ದು ಬೇರೆ. 7ನೇ ಬ್ರಿಗೇಡ್ ವೇಗವಾಗಿ, ಎದುರಿನವರಿಗೆ ಸುಳಿವು ಸಿಗದ ಹಾಗೆ ಬಂದು ಸೇತುವೆಯನ್ನು ಇಡಿಯಾಗಿ ಕೈವಶ ಮಾಡಿಕೊಳ್ತು. ನಳದುರ್ಗದಲ್ಲಿದ್ದ ಹೈದರಾಬಾದ್ ಇನ್‌ಫಂಟ್ರಿಯ ಮೇಲೆ ನುಗ್ಗಿದ್ದು 2ನೇ ಸಿಖ್, ಕಾಲಾಳು. ಸೇತುವೆ, ರಸ್ತೆ ಎರಡೂ ಕೈಗೆ ಬಂದ ಮೇಲೆ ಟ್ಯಾಂಕ್ ಸಾಲು ದಾಟಿತು. ಬೆಳಿಗ್ಗೆ 9ಕ್ಕೆ ಎಂಟು ಕಿಲೋಮೀಟರ್ ಆಚೆಯ ಜಳಕೋಟ. ಮಧ್ಯಾಹ್ನ 3.15ಕ್ಕೆ ಉಮರ್ಗಾ, ಗಡಿಯಿಂದ 61 ಕಿಲೋಮೀಟರ್ ಒಳಗೆ. ಟ್ಯಾಂಕ್ ಅಷ್ಟು ಓಡಿದ್ದು ಯಾರೋ ಮೊದಲೇ ಹೋಗಿ ಸೇತುವೆ ಹಿಡಿದಿದ್ದಕ್ಕೆ. ನಾಲ್ಕನೇ ದಿನ ಜಹೀರಾಬಾದ್ ಕಡೆ ಹೋಗುವಾಗ ರಸ್ತೆಯಲ್ಲಿ ಮೈನ್ ಹುಗಿದಿದ್ದರು. ಇಡೀ ಪಡೆ ನಿಂತು, ಅದನ್ನು ತೆಗೆಯೋವರೆಗೂ ಕಾಯಬೇಕಾಯ್ತು. ಸಿವಿಲ್, ಮೆಕ್ಯಾನಿಕಲ್‌ನವರು ಗಮನಿಸಿ, ಅದು ಎಂಜಿನಿಯರ್ ತುಕಡಿಗಳ ಕೆಲಸ.

ಎರಡನೇ ಸಲ ಆಡಿದಾಗ ನಾವು ಹಂಗೇ ಮಾಡಿದ್ವಿ. ಟ್ಯಾಂಕುಗಳನ್ನು ಈಚೆ ದಿಬ್ಬದ ಹಿಂದೆ ನಿಲ್ಲಿಸಿದ್ವಿ. ಮೂರು ತುಕಡಿಗಳನ್ನು ಟ್ಯಾಂಕ್ ಮೇಲಿಂದ ಮೊದಲೇ ಇಳಿಸಿದ್ವಿ. ಇದು ಮುಖ್ಯ, ಟ್ಯಾಂಕ್ ಮೇಲೆ ಕೂತವರ ಮೇಲೆ ಗುಂಡು ಬಿದ್ದರೆ ಅರ್ಧಕ್ಕರ್ಧ ಜನ ಹೋಗ್ತಾರೆ. "ನಡೆಯೋಕೆ ಟೈಮ್ ಆಗುತ್ತೆ" ಅಂತ ಕೊನೇವರೆಗೂ ಹೊತ್ತುಕೊಂಡು ಹೋಗೋದು ನಮ್ಮ ಹಾಸ್ಟೆಲ್‌ನ ರಾಷ್ಟ್ರೀಯ ದೋಷ. ಒಂದು ತುಕಡಿ ಹೊಗೆ ಹಾಕಿ ದಡಕ್ಕೆ ಹೋಯ್ತು. ಎರಡನೆಯದು ಕೂತು ನೋಡ್ತಿತ್ತು, ಗುಂಡು ಹಾರಿಸದೆ. ಸುಮ್ಮನೆ ಕೂತ ತುಕಡಿ ಎದುರಿನವನಿಗೆ ಕಾಣೋದು ಬಲು ಕಷ್ಟ, ಆದರೆ ಅದಕ್ಕೆ ಎಲ್ಲಾ ಕಾಣುತ್ತೆ. ಪೊದೆಯಲ್ಲಿದ್ದವರು ಸಿಕ್ಕಿದ್ದು ಅದರ ಕಣ್ಣಿಗೇ. ಸಿಕ್ಕಿದ ಮೇಲೆ ಶೆರ್ಮನ್ ದಿಬ್ಬದಿಂದಲೇ ಎರಡು ಗುಂಡು ಹಾಕಿತು, ಅಷ್ಟೇ. ನಮ್ಮ ಕಡೆ ಹೋದವರು ನಾಲ್ಕು ಜನ. ತುಕಡಿಯಲ್ಲ, ಜನ. ಗೇಮು ಒಬ್ಬೊಬ್ಬರನ್ನೂ ಎಣಿಸುತ್ತೆ, ಪ್ರತಿ ತುಕಡಿಯ ನಾಯಕನಿಗೆ ಒಂದು ಹೆಸರೂ ಕೊಡುತ್ತೆ. ನಾವೇ ನೋಡಲ್ಲ.

ಹಾಗಂತ ಕಾಲಾಳೇ ಎಲ್ಲಾ ಅನ್ನೋ ವಾದ ನಮ್ಮದಲ್ಲ. ಅದೇ 1948ರಲ್ಲಿ, ಏಳು ವಾರದ ನಂತರ, ಉಲ್ಟಾ ಪಾಠ ಇದೆ. ಕಾಶ್ಮೀರದಿಂದ ಲಡಾಖ್‌ಗೆ ಹೋಗೋ ಜೋಜಿ ಲಾ ಕಣಿವೆಯನ್ನು ಸೆಪ್ಟೆಂಬರ್‌ನಲ್ಲಿ ಕಾಲಾಳು ಮಾತ್ರ ಹತ್ತೋಕೆ ಹೋಗಿ, ಬಂಡೆಯೊಳಗಿನ ಬಂಕರ್‌ಗಳ ಗುಂಡಿಗೆ ಸಿಕ್ಕಿ ವಾಪಸ್ ಬಂದಿದ್ದರು. ಆಗ ಅಲ್ಲಿ ಡಿವಿಷನ್ ಮುಖ್ಯಸ್ಥರಾಗಿದ್ದವರು ನಮ್ಮ ಮಡಿಕೇರಿಯ ಕೆ. ಎಸ್. ತಿಮ್ಮಯ್ಯ. ಸುಮಾರು 3,500 ಮೀಟರ್ ಎತ್ತರಕ್ಕೆ ಟ್ಯಾಂಕ್ ತರಿಸಿದರು. 7ನೇ ಕ್ಯಾವಲ್ರಿಯ ಸ್ಟುವರ್ಟ್ ಲೈಟ್ ಟ್ಯಾಂಕುಗಳು. ದಾರಿಯ ಸೇತುವೆಗಳು ಭಾರ ತಡೆಯಲ್ಲ ಅಂತ ಮೇಲಿನ ಗೋಪುರ ಬಿಚ್ಚಿ ಬೇರೆ ಸಾಗಿಸಿದರು. ಹೇಸರಗತ್ತೆ ಹೋಗೋ ದಾರಿಯನ್ನು ಟ್ಯಾಂಕ್ ಹೋಗೋ ದಾರಿ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರ ಇರೋರು. ನವೆಂಬರ್ 1ಕ್ಕೆ ಹಿಮದಲ್ಲಿ ಟ್ಯಾಂಕ್ ಮೇಲೆ ಬಂತು, ಮುಂದಿನ ಟ್ಯಾಂಕೊಂದರಲ್ಲಿ ತಿಮ್ಮಯ್ಯನವರೇ ಇದ್ದರು. ಬಂಕರ್‌ಗಳ ಬಾಯಿ ಬಂದ್ ಆದ ಮೇಲೆ ಕಾಲಾಳು ಹತ್ತಿ ಕಣಿವೆ ಹಿಡಿದರು. ನಳದುರ್ಗದಲ್ಲಿ ಕಾಲಾಳು ಟ್ಯಾಂಕಿಗೆ ಬಾಗಿಲು ತೆಗೆದರು, ಜೋಜಿ ಲಾದಲ್ಲಿ ಟ್ಯಾಂಕು ಕಾಲಾಳಿಗೆ. ಹಾಗಾಗಿ ಗೇಮಿನಲ್ಲಿ ನಮ್ಮ ಲೆಕ್ಕ ಸರಳ: ಪೊದೆ, ಮನೆ, ಸೇತುವೆ, ತಿರುವು ಬಂದ್ರೆ ಕಾಲಾಳು ಮುಂದೆ, ಟ್ಯಾಂಕ್ ಹಿಂದೆ ನಿಂತು ಕಾಯಬೇಕು. ಬಯಲು ಬಂದ್ರೆ ಟ್ಯಾಂಕ್ ಮುಂದೆ, ಕಾಲಾಳು ಅದರ ನೆರಳಲ್ಲಿ. ಕಂಪನಿ ಆಫ್ ಹೀರೋಸ್ ಆಡೋರಿಗೆ ಇನ್ನೂ ಒಂದು ಮಾತು: ಅದರಲ್ಲಿ ರಿಟ್ರೀಟ್ ಬಟನ್ ಇದೆ. ಇಬ್ಬರು ಉಳಿದ ತುಕಡಿಯನ್ನು ವಾಪಸ್ ಕರೆಸಿಕೊಂಡು ಜನ ತುಂಬಿಸಿದರೆ ಅನುಭವ ಉಳಿಯುತ್ತೆ. ಆ ಬಟನ್ ಒತ್ತೋಕೆ ನಾಚಿಕೆ ಬೇಡ.

"ಗೇಮ್ ಕಣೋ, ಪಿಕ್ಸೆಲ್‌ಗೆ ಯಾಕೆ ಅಳ್ತೀರಾ?" ಅಂತ ಗೆದ್ದ ತಂಡದ ಗೆಳೆಯ ಕೇಳಿದ. ಸರಿಯಾದ ಪ್ರಶ್ನೆ. ಅಳ್ತಿಲ್ಲ. ಆದರೆ ಬೋರಿ ಸೇತುವೆ ಆದಮೇಲೆ ಮುಂದಿನ ಮ್ಯಾಪ್ ಉಮರ್ಗಾ ಊರು ಕಟ್ಟೋಣ ಅಂತ ಕೂತಾಗ ನಮಗೇ ಕೈ ನಿಂತುಹೋಯ್ತು. ಸಾಲಾಗಿ ಮನೆ ಇಟ್ವಿ, ಬಜಾರ್ ಇಟ್ವಿ. ಎಲ್ಲಾ ಖಾಲಿ. ನಮ್ಮಲ್ಲಿ ಒಬ್ಬನ ಅಜ್ಜಿಯ ತವರು ಆ ಕಡೆ. ಅವನು "ಇದು ಬ್ಯಾಡ" ಅಂದ.

ಯಾಕೆ ಅಂತ ಆಮೇಲೆ ಓದಿ ತಿಳ್ಕೊಂಡ್ವಿ. ಸೇನೆ ಬರೋಕೆ ಮುಂಚೆ, 1948ರ ಮೇನಲ್ಲಿ, ಬೀದರ್ ಜಿಲ್ಲೆಯ ಗೋರಟಾದಲ್ಲಿ ರಜಾಕಾರರು ಊರವರನ್ನು ಕೊಂದಿದ್ದರು. ಸೇನೆ ಬಂದು ಹೋದ ಮೇಲೆ ಮುಸ್ಲಿಮರ ಮೇಲೆ ದಾಳಿ ನಡೀತು. ಕೇಂದ್ರ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಕಡಿಮೆ ಹಿಡಿದರೂ 27,000ದಿಂದ 40,000 ಜನ ಸತ್ತಿರಬೇಕು ಅಂತ ಅಂದಾಜು ಮಾಡಿತು. ಅತಿ ಹೆಚ್ಚು ಸಾವಾದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಬೀದರ್, ನಾಂದೇಡ್ ಜೊತೆ ನಮ್ಮ ಗುಲ್ಬರ್ಗಾನೂ ಇತ್ತು. ಯುದ್ಧ ಐದೇ ದಿನ, ಟ್ಯಾಂಕು ಸರ್ರಂತ ಹೈದರಾಬಾದ್‌ಗೆ ಹೋಗಿಬಿಡ್ತು. ಊರು ಉಳೀತು. ಗೇಮಿನಲ್ಲೂ ಗೆಲುವಿನ ಬಾವುಟ ನೆಟ್ಟ ಜಾಗ ಕಾಯೋರು ಕಾಲಾಳೇ. ಟ್ಯಾಂಕ್ ದಾಟಿ ಹೋದ ಊರಲ್ಲಿ ಹಿಂದೆ ಯಾರನ್ನು ನಿಲ್ಲಿಸಿದ್ದೀರಿ ಅನ್ನೋದು ಅಲ್ಲಿ ಬರೀ ಅಂಕದ ಪ್ರಶ್ನೆ. ನಮ್ಮ ಜಿಲ್ಲೆಯಲ್ಲಿ ಅದು ಬೇರೆ ಪ್ರಶ್ನೆಯಾಗಿತ್ತು. ಉಮರ್ಗಾ ಮ್ಯಾಪ್ ಅಳಿಸಿದ್ವಿ. ಅಳಿಸಬಾರದಿತ್ತು, ಆಡಿದ್ರೇ ಗೊತ್ತಾಗ್ತಿತ್ತು ಅನ್ನೋನೂ ನಮ್ಮಲ್ಲಿ ಒಬ್ಬ ಇದ್ದಾನೆ. ಅವನ ಮಾತೂ ತಳ್ಳಿಹಾಕೋ ಹಾಗಿಲ್ಲ.

ಈಗ ಸ್ಕೋರ್ ಶೀಟಿಗೆ ವಾಪಸ್ ಬರೋಣ. ಗೇಮು ತಾನೇ ಕಾಲಾಳಿಗೂ ಬೆಲೆ ಕಟ್ಟಿ, ಸತ್ತರೆ ಅಂಕ ಕಳೆಯುತ್ತೆ. ನಮ್ಮ ಫೆಸ್ಟ್‌ನವರು "ಬೇಗ ಮುಗೀಲಿ, ನೋಡೋಕೆ ಮಜಾ ಇರ್ಲಿ" ಅಂತ ಅದನ್ನು ಬಿಟ್ಟು ತಮ್ಮದೇ ಎಕ್ಸೆಲ್ ಹಾಳೆ ಮಾಡಿದರು. ಮಜಾ ಬೇಕು, ಒಪ್ಪಿದ್ವಿ. ಕಾಲಾಳು ನಡೆಸೋದು ಬೋರು ಅನ್ನೋದೂ ಅರ್ಧ ನಿಜ, ಹತ್ತು ಟರ್ನ್ ಏನೂ ಆಗಲ್ಲ. ಆದರೆ ಸೊನ್ನೆ ಅಂಕ ಇಟ್ಟ ಕೂಡಲೇ ಎಲ್ಲರೂ ಆಡಿದ್ದು ಒಂದೇ ಆಟ: ಓಡಿಸು, ಸಾಯಿಸು, ನೋಡು, ಹೊಡಿ. ಎಂಟು ಮ್ಯಾಚ್ ನೋಡಿದ್ವಿ, ಎಂಟೂ ಅದೇ. ಅದಕ್ಕಿಂತ ಬೋರು ಇನ್ನೇನಿದೆ?

ನಮ್ಮ ಬೇಡಿಕೆ ಇಷ್ಟು. ಮುಂದಿನ ಫೆಸ್ಟ್‌ನಲ್ಲಿ ಟ್ಯಾಂಕಿಗೆ ಹತ್ತು ಇದ್ದರೆ, ಸತ್ತ ಪ್ರತಿ ಕಾಲಾಳಿಗೆ ಒಂದು ಮೈನಸ್ ಇರಲಿ. ಶೆರ್ಮನ್ ಒಳಗೆ ಕೂರೋರು ಐದು ಜನ, ತುಕಡಿಯಲ್ಲಿ ಹತ್ತು ಜನ, ಲೆಕ್ಕ ತೀರಾ ಜಾಸ್ತಿ ಏನಲ್ಲ. ಮ್ಯಾಚ್ ಟೈಮ್ 45 ನಿಮಿಷದಿಂದ ಒಂದು ಗಂಟೆ ಮಾಡಿ. ಮತ್ತು ಕೊನೆ ಟರ್ನ್‌ನಲ್ಲಿ ಬಾವುಟದ ಜಾಗದಲ್ಲಿ ಕಾಲಾಳು ಇದ್ದರೆ ಮಾತ್ರ ಅದು ನಿಮ್ಮದು, ಟ್ಯಾಂಕ್ ಒಂದೇ ನಿಂತಿದ್ದರೆ ಅಲ್ಲ. ಗೆದ್ದ ತಂಡದವರು ಈ ನಿಯಮಕ್ಕೆ ಒಪ್ಪಿದ್ದಾರೆ, "ಆಗಲೂ ನಿಮ್ಮನ್ನ ಸೋಲಿಸ್ತೀವಿ" ಅನ್ನೋ ಷರತ್ತಿನ ಮೇಲೆ. ಸಂಘಟಕರು ಇನ್ನೂ ಏನೂ ಹೇಳಿಲ್ಲ.

ಅಲ್ಲಿವರೆಗೆ ಬೋರಿ ಸೇತುವೆ ಮ್ಯಾಪ್ ಬೇಕಾದವರು ಪೆನ್‌ಡ್ರೈವ್ ತಗೊಂಡು ರಾತ್ರಿ ಊಟ ಆದ ಮೇಲೆ ನಮ್ಮ ರೂಮಿಗೆ ಬರ್ರಿ. ಸೇತುವೆಯ ಆಚೆ ದಡದ ಪೊದೆ ಎಲ್ಲಿದೆ ಅಂತ ಮಾತ್ರ ಹೇಳಲ್ಲ. ಕಾಲಾಳು ಇಳಿಸಿ ನೋಡ್ಕೊಳ್ರಿ.